ಬಿಸಿಲುಕೋಲು ಇದೆ, ‘ಸದ್ದುಕೋಲು’ ಆಗುತ್ತಾ?

ಎಲ್ಲರಿಗೂ ನಮಸ್ಕಾರ.

ಒಂದು ವಿಜ್ಞಾನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದ ಹತ್ತಿರ ಎರಡು ದಿನದಿಂದ ನಿಂತಿದ್ದೇನೆ. ಮ್ಯೂಸಿಯಂನಲ್ಲಿ ಚಿತ್ರದ ಮುಂದೆ ನಿಂತವರಿಗೆ ಮಾತ್ರ ವಿವರಣೆ ಕೇಳಿಸುವ ಸ್ಪೀಕರ್ ಇರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹೆಚ್ಚುಕಮ್ಮಿ ಏನೂ ಕೇಳಿಸುವುದಿಲ್ಲ. ಅದು ಬಿಡುವ ಆ ಸದ್ದಿನ ‘ಬೀಮ್‌’ಗೆ ಏನನ್ನೋಣ?

ಮೊದಲು ‘ಧ್ವನಿಕಿರಣ’ ಎಂದು ಬರೆದು ಅಳಿಸಿದೆ. ಕಿರಣ ಅಂದರೆ ಗೆರೆಯಷ್ಟು ಸಣ್ಣದು, ಇದಕ್ಕೆ ಅಗಲವಿದೆ. ‘ಪುಂಜ’ ಎಂದರೆ ಪಾಠಪುಸ್ತಕದ ವಾಸನೆ. ‘ತೊಲೆ’ ಎಂದರೆ ಸೂರೇ ತಲೆ ಮೇಲೆ ಬಿದ್ದ ಹಾಗಿರುತ್ತದೆ! ಹೆಂಚಿನ ಸಂದಿಯಿಂದ ಇಳಿಯುವ, ಧೂಳು ತೇಲಾಡುವ ಬೆಳಕಿಗೆ ಬಿಸಿಲುಕೋಲು ಅಂತೀವಲ್ವಾ? ಅದೇ ಜಾಡಿನಲ್ಲಿ ‘ಸದ್ದುಕೋಲು’ ಹೊಳೆಯಿತು.

ತೊಡಕು ಏನೆಂದರೆ, ಸ್ಪೀಕರಿನಿಂದ ಹೊರಡುವುದು ಕಿವಿಗೆ ಬೀಳುವ ಸದ್ದೇ ಅಲ್ಲ. 1,000 ಹರ್ಟ್ಸ್ (ಸೆಕೆಂಡಿಗೆ 1,000 ಕಂಪನ) ಸದ್ದಿನ ಒಂದು ಅಲೆ ಸುಮಾರು 34 ಸೆಂ.ಮೀ. ಉದ್ದ. ಅಂಗೈಯಗಲದ ಸ್ಪೀಕರಿನಿಂದ ಬಂದರೆ ಅದು ಎಲ್ಲ ಕಡೆ ಹರಡಿಬಿಡುತ್ತದೆ. 40,000 ಹರ್ಟ್ಸ್‌ನ ಅಲೆ ಕಿವಿಗೆ ಕೇಳಿಸುವುದಿಲ್ಲ, ಉದ್ದವೂ 9 ಮಿ.ಮೀ. ಕೂಡ ಇಲ್ಲ, ಹಾಗಾಗಿ ನೆಟ್ಟಗೆ ಹೋಗುತ್ತದೆ. ಅದು ತುಂಬಾ ಜೋರಾಗಿದ್ದರೆ ಗಾಳಿ ಇದ್ದದ್ದನ್ನು ಇದ್ದ ಹಾಗೆ ಸಾಗಿಸುವುದಿಲ್ಲ, ಅಲೆಯ ಆಕಾರ ಕೆಡುತ್ತದೆ. ಹಾಗೆ ಕೆಡುವುದರಿಂದಲೇ, 40,000 ಮತ್ತು 41,000 ಎರಡನ್ನೂ ಒಟ್ಟಿಗೆ ಬಿಟ್ಟರೆ ಅವುಗಳ ವ್ಯತ್ಯಾಸವಾದ 1,000 ಹರ್ಟ್ಸ್ ಸದ್ದು ದಾರಿಯುದ್ದಕ್ಕೂ ಗಾಳಿಯಲ್ಲೇ ಹುಟ್ಟುತ್ತದೆ. ಅಮೆರಿಕದ ಭೌತವಿಜ್ಞಾನಿ ಪೀಟರ್ ವೆಸ್ಟರ್ವೆಲ್ಟ್ 1963ರಲ್ಲೇ ಇದರ ಲೆಕ್ಕ ಬರೆದಿದ್ದರು. ಅಂದರೆ ಕೋಲು ಕೇಳಿಸದ್ದು, ಕೇಳಿಸುವುದು ಅದರೊಳಗೆ ಹುಟ್ಟಿದ್ದು. ಎರಡಕ್ಕೂ ‘ಸದ್ದುಕೋಲು’ ಒಂದೇ ಸಾಕಾ? ನನಗಂತೂ ಸಾಕು ಅನಿಸುತ್ತದೆ. ಬಿಸಿಲುಕೋಲಿನಲ್ಲೂ ಕಣ್ಣಿಗೆ ಬೀಳುವುದು ಧೂಳು ಚೆದುರಿಸಿದ ಬೆಳಕೇ, ಆದರೂ ಹೆಸರು ಬಿಸಿಲಿಗೇ.

ಇನ್ನೊಂದು ಪ್ರಶ್ನೆ ಕಿವಿಗೆ ನಿಲುಕದ ಈ ಸದ್ದಿನದು, ಅಂದರೆ ಅಲ್ಟ್ರಾಸೌಂಡ್‌ನದು. ಕೆಲವರು ‘ಶಬ್ದಾತೀತ’ ಎಂದು ಬರೆಯುತ್ತಾರೆ. ಅದು ಸದ್ದಿಗಿಂತ ವೇಗವಾಗಿ ಹೋಗುವ ವಿಮಾನಕ್ಕೆ ಹೋಯಿತು, ಇಲ್ಲಿ ಬೇಡ. ‘ಶ್ರವಣಾತೀತ’ ಸರಿಯಾದ ಪದ, ಸ್ವಲ್ಪ ಭಾರ ಅಷ್ಟೇ. ‘ಕೇಳದ ಸದ್ದು’ ಎಂದು ಬರೆದು ನೋಡಿದೆ. ನಮ್ಮ ‘ಕೇಳು’ವಿಗೆ ಎರಡು ಅರ್ಥ ಇದೆಯಲ್ಲ, ಓದಿದ ಗೆಳೆಯರು “ಯಾರೂ ಕೇಳದಿದ್ದರೂ ಮಾಡುವ ಗಲಾಟೆನಾ?” ಎಂದರು. ‘ಕೇಳಿಸದ ಸದ್ದು’ ಎಂದರೆ ಆ ಗೊಂದಲ ತಪ್ಪುತ್ತದೆ. ಆದರೆ ‘ಕೇಳಿಸದ ಸದ್ದಿನ ಸ್ಪೀಕರ್’ ಅಂದರೆ ಸುಮ್ನೆ ಕೆಟ್ಟುಹೋದ ಸ್ಪೀಕರ್ ಅನ್ನಿಸಲ್ವಾ?

ಬಿಸಿಲುಕೋಲಿಗೆ ನಿಮ್ಮ ಕಡೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.