ಮನೇಲಿ ಸರಿಯಾಗಿ ಬರೋ ಬೋಲೈನ್ ಗಂಟು ದೋಣಿ ಹತ್ರ ಹೋದ್ರೆ ಯಾಕೆ ಬರಲ್ಲ?

ಹಿನ್ನೀರು_ಹುಡುಗಿ:

ಎಲ್ರಿಗೂ ನಮಸ್ಕಾರ. ಒಂದೂವರೆ ತಿಂಗಳಿಂದ ಪ್ರತಿ ಭಾನುವಾರ ಕೆಆರ್‌ಎಸ್ ಹಿನ್ನೀರಲ್ಲಿ ಹಾಯಿದೋಣಿ ನಡೆಸೋದು ಕಲೀತಿದೀನಿ. ಇಬ್ಬರು ಕೂರೋ ಸಣ್ಣ ಡಿಂಗಿ, ದೊಡ್ಡ ಹಾಯಿ ಒಂದು, ಮುಂದೆ ಜಿಬ್ ಅಂತ ಸಣ್ಣ ಹಾಯಿ ಒಂದು. ಗಾಳಿ ಎಲ್ಲಿಂದ ಬರ್ತಿದೆ, ಯಾವಾಗ ಟ್ಯಾಕ್ ಮಾಡ್ಬೇಕು (ದೋಣಿಯ ಮೂತಿಯನ್ನ ಗಾಳಿ ಎದುರಿಂದ ದಾಟಿಸಿ ಇನ್ನೊಂದು ಕಡೆಗೆ ತಿರುಗಿಸೋದು), ದೋಣಿ ಮಗುಚಿದ್ರೆ ಎಬ್ಬಿಸೋದು ಹೇಗೆ, ಇವೆಲ್ಲ ಹೆಂಗೋ ತಲೆಗೆ ಹೋಗ್ತಿದೆ. ಗಂಟು ಮಾತ್ರ ಹೋಗ್ತಿಲ್ಲ, ಅದರಲ್ಲೂ ಬೋಲೈನ್ (ಹಗ್ಗದ ತುದೀಲಿ ಎಳೆದ್ರೂ ಸಣ್ಣದಾಗದ ಕುಣಿಕೆ ಮಾಡೋ ಗಂಟು).

ಮನೇಲಿ ಕುರ್ಚಿ ಕಾಲಿಗೆ, ಫ್ರಿಜ್ ಹ್ಯಾಂಡಲ್‌ಗೆ, ಅಮ್ಮ ಸೀರಿಯಲ್ ನೋಡ್ತಾ ಕೂತಿದ್ರೆ ಅಮ್ಮನ ಕಾಲಿಗೂ ಬೋಲೈನ್ ಹಾಕಿದೀನಿ, ಹತ್ತಕ್ಕೆ ಒಂಬತ್ತು ಸಲ ಸರಿ ಬರುತ್ತೆ. ದೋಣಿ ಹತ್ರ ಹೋಗಿದ್ದೇ ತಡ ಕೈ ಎಲ್ಲಾ ಮರೆತು ಕೂತ್ಕೊಳುತ್ತೆ. ಹೋದ ವಾರ ಜಿಬ್‌ನ ಮೂಲೆಗೆ ಶೀಟ್ ಕಟ್ಟಿದ್ದು ನಾನೇ (ಹಾಯಿ ಎಳೆಯೋ ಹಗ್ಗಕ್ಕೆ ಶೀಟ್ ಅಂತಾರೆ, ನಾನು ಮೊದಲ ದಿನ ಹಾಯಿಗೇ ಶೀಟ್ ಅನ್ನೋದು ಅಂದ್ಕೊಂಡು ನಗೆಪಾಟಲಾಗಿದ್ದೆ). ನೀರಿನ ಮಧ್ಯೆ ಟ್ಯಾಕ್ ಮಾಡಿದ್ವಿ, ಹಾಯಿ ಪಟಪಟ ಬಡ್ಕೊಳ್ಳೋಕೆ ಶುರುವಾಯ್ತು, ಎಳೀತೀನಿ ಎಳೀತೀನಿ ಹಗ್ಗ ಪೂರ್ತಿ ನನ್ನ ಮಡಿಲಿಗೇ ಬಂತು. ಗಂಟೇ ಇಲ್ಲ. ಜೊತೆಗಿದ್ದವರು ಏನೂ ಅನ್ಲಿಲ್ಲ, ಅದೇ ಜಾಸ್ತಿ ಬೇಜಾರು.

ಈಗ ಪ್ರಶ್ನೆಗಳು. ಒಂದು, ಹೀಗೆ ಯಾಕಾಗುತ್ತೆ, ಬೋಲೈನ್ ನೆನಪಿಡೋಕೆ ಹೇಳಿಕೊಡೋ, ಮೊಲ (ಹಗ್ಗದ ತುದಿ) ಬಿಲದಿಂದ (ಸಣ್ಣ ಸುರುಳಿ) ಬಂತು ಮರ (ಉದ್ದ ಹಗ್ಗ) ಸುತ್ತಿತು ಬಿಲಕ್ಕೆ ಹೋಯ್ತು ಅನ್ನೋ ಕತೆ ನಂಗೆ ನಿದ್ದೇಲೂ ಬರುತ್ತೆ, ಆದ್ರೂ ತಪ್ಪುತ್ತೆ. ಎರಡು, ನಿಜವಾಗ್ಲೂ ಎಷ್ಟು ಗಂಟು ಬೇಕು? ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡೆ, ಅದರಲ್ಲಿರೋ ಪಟ್ಟಿ ನೋಡಿಯೇ ಸುಸ್ತಾಯ್ತು. ಸ್ಕೂಲಲ್ಲಿ ಗೈಡ್ಸ್‌ನಲ್ಲಿದ್ದೆ, ರೀಫ್ ನಾಟ್ ಒಂದು ಚೆನ್ನಾಗಿ ಬರುತ್ತೆ, ಎಲ್ಲದಕ್ಕೂ ಅದನ್ನೇ ಹಾಕಿದ್ರೆ ನಡೆಯಲ್ವಾ? ಮೂರು, ಪ್ರಾಕ್ಟೀಸ್‌ಗೆ ಯಾವ ಹಗ್ಗ ತಗೋಬೇಕು, ಹಾರ್ಡ್‌ವೇರ್ ಅಂಗಡಿಯವರು ನೀಲಿ ಪ್ಲಾಸ್ಟಿಕ್ ಹಗ್ಗ ಕೊಟ್ಟಿದಾರೆ, ಅದು ಗಂಟು ಹಾಕಿದ್ರೆ ಹಾವಿನ ಥರ ಎದ್ದು ನಿಲ್ಲುತ್ತೆ.

ತುಕ್ಕು_ಲಂಗರು:

ಮಗಳೇ ಅಂತ ಕರೀಬಹುದು ಅಂದ್ಕೋತೇನೆ, ವಯಸ್ಸು ಅಷ್ಟಾಗಿದೆ. ಮರ್ಚೆಂಟ್ ನೇವಿಯಲ್ಲಿ ಡೆಕ್ ಮೇಲೆ ಮೂವತ್ತು ವರ್ಷ ಹಗ್ಗ ಎಳೆದವನು ನಾನು. ಮೊದಲಿಗೆ, ಅದನ್ನ ಬೋಲೈನ್ ಅಂತ ಬರೀತಾರೆ ಅಷ್ಟೇ, ಹಡಗಿನವರ ಬಾಯಲ್ಲಿ ಅದು ಬೋಲಿನ್.

ನಿನ್ನ ತೊಂದರೆ ಮರೆವಿನದ್ದಲ್ಲ, ದಿಕ್ಕಿನದ್ದು. ಮನೇಲಿ ಕುರ್ಚಿ ಕಾಲು ನಿನ್ನ ಎದುರಿಗಿರ್ತದೆ, ಹಗ್ಗದ ಉದ್ದದ ಭಾಗ ನಿನ್ನ ಕಡೆಗೆ ಬರ್ತದೆ. ದೋಣಿಯಲ್ಲಿ ನೀನು ಮುಂದೆ ಬಗ್ಗಿ ಜಿಬ್‌ನ ಮೂಲೆ ಹಿಡ್ಕೊಂಡಿರ್ತೀ, ಹಗ್ಗ ನಿನ್ನಿಂದ ಆಚೆ ಹಿಂದಕ್ಕೆ ಹೋಗ್ತದೆ. ಪೂರಾ ಉಲ್ಟಾ. ಕಣ್ಣು ನೋಡಿಟ್ಟುಕೊಂಡ ಚಿತ್ರ ಬೇರೆ, ಎದುರಿಗಿರೋ ಚಿತ್ರ ಬೇರೆ. ಮೊಲದ ಕತೆಯಲ್ಲಿ ಇದಕ್ಕೆ ಪರಿಹಾರ ಇಲ್ಲ ಯಾಕಂದ್ರೆ ಬಿಲ ಯಾವ ಕಡೆ ತಿರುಗಿಸಿ ತೋಡ್ಬೇಕು ಅಂತ ಆ ಕತೆ ಹೇಳೋದೇ ಇಲ್ಲ. ಸಣ್ಣ ಸುರುಳಿ ಒಂದು ಸಲ ತಪ್ಪು ಕಡೆ ಬಿತ್ತು ಅಂದ್ರೆ ಮೊಲ ಎಷ್ಟು ಸರಿಯಾಗಿ ಓಡಿದ್ರೂ ಎಳೆದ ಕೂಡ್ಲೆ ಎಲ್ಲಾ ಬಿಚ್ಚಿ ಹೋಗ್ತದೆ. ನಿನಗೆ ಆಗಿದ್ದು ಅದೇ.

ಮೊಲ ಬಿಡು, ಮಣಿಕಟ್ಟಿನಿಂದ ಕಲಿ. ಹಗ್ಗದ ತುದಿಯನ್ನ ಉದ್ದ ಹಗ್ಗದ ಮೇಲೆ ಅಡ್ಡ ಇಡು. ಅಡ್ಡ ಬಿದ್ದ ಜಾಗವನ್ನ ಹೆಬ್ಬೆರಳು ತೋರುಬೆರಳಲ್ಲಿ ಹಿಡಿ. ಈಗ ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ ಕೈ ತಿರುಗಿಸು, ತುದಿ ಕೆಳಗೆ ಹೋಗಿ ಮೇಲೆ ಎದ್ದು ಬರ್ತದೆ, ಅದರ ಸುತ್ತ ಉದ್ದ ಹಗ್ಗದ್ದೇ ಒಂದು ಸಣ್ಣ ಸುರುಳಿ ತಾನಾಗೇ ಬಿದ್ದಿರ್ತದೆ. ಇನ್ನು ತುದಿಯನ್ನ ಉದ್ದ ಹಗ್ಗದ ಹಿಂದಿನಿಂದ ತಂದು ಅದೇ ಸುರುಳಿಯೊಳಗೆ ಇಳಿಸಿ ಎಳಿ. ಸುರುಳಿ ತಪ್ಪು ಕಡೆ ಬೀಳೋಕೆ ಇಲ್ಲಿ ದಾರಿಯೇ ಇಲ್ಲ, ತುದಿ ಮೊದಲೇ ಒಳಗಿರ್ತದಲ್ಲ. ಮೊದಲು ನಿನ್ನ ಸೊಂಟಕ್ಕೆ ಕಟ್ಟು, ಆಮೇಲೆ ಕಿಟಕಿ ಸರಳಿಗೆ, ಆಮೇಲೆ ಕೈ ಬೆನ್ನ ಹಿಂದೆ ಇಟ್ಟುಕೊಂಡು, ಕೊನೆಗೆ ಒಂದೇ ಕೈಯಲ್ಲಿ. ನೀರಿಗೆ ಬಿದ್ದವನಿಗೆ ಹಗ್ಗ ಎಸೆದ್ರೆ ಒಂದು ಕೈಯಲ್ಲಿ ಏನನ್ನಾದ್ರೂ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳೋಕೆ ಆಗ್ಲಿ ಅಂತಲೇ ನಮಗೆ ಹಾಗೆ ಕಲಿಸಿದ್ದು.

ಕಟ್ಟಿದ ಮೇಲೆ ಕುಣಿಕೆಯನ್ನ ಎಳೆದು ನೋಡು. ಸಣ್ಣದಾಗ್ತಾ ಹೋದ್ರೆ ಅದು ಜೀರುಗುಣಿಕೆ, ಬೋಲಿನ್ ಅಲ್ಲ. ಬಾಲ ಒಂದು ಗೇಣಾದ್ರೂ ಬಿಡು. ಹಾಯಿ ಬಡ್ಕೊಳ್ಳೋವಾಗ ಸಡಿಲ ಹಗ್ಗದ ಬೋಲಿನ್ ಅಲುಗಾಡಿ ಅಲುಗಾಡಿ ಬಿಚ್ಚಿಕೊಳ್ಳೋದೂ ಉಂಟು, ಅದಕ್ಕೇ ನೀರಿಗಿಳಿಯೋ ಮೊದಲು ಕೈಯಿಂದ ಬಿಗಿಯಾಗಿ ಎಳೆದು ಕೂರಿಸಬೇಕು.

ರೀಫ್ ನಾಟ್ ಎಲ್ಲದಕ್ಕೂ ಅಂತ ಮಾತ್ರ ದಯವಿಟ್ಟು ಬೇಡ. ಅದು ಹಾಯಿಯನ್ನ ಮಡಚಿ ಕಟ್ಟೋಕೆ, ಗಾಯದ ಬ್ಯಾಂಡೇಜಿಗೆ. ಒಂದು ತುದಿ ಹಿಡಿದು ಜಗ್ಗಿದ್ರೆ ಗಂಟು ಮಗುಚಿ ಹಗ್ಗ ಜಾರಿ ಹೋಗ್ತದೆ. ಎರಡು ಹಗ್ಗ ಸೇರಿಸಿ ಭಾರ ಹಾಕೋಕೆ ಅದನ್ನ ನಂಬಬೇಡ.

ಮಲ್ಪೆಯವ:

ಅಕ್ಕ, ಮೊದಲು ಆ ನೀಲಿ ಹಗ್ಗ ಬಿಸಾಡಿ ಮಾರಾಯ್ರೆ. ಅದು ಪಾಲಿಪ್ರೊಪಿಲೀನ್. ನೀರಲ್ಲಿ ತೇಲ್ತದೆ ಅನ್ನೋದು ಒಂದೇ ಅದರ ಗುಣ, ಬಿಸಿಲಿಗೆ ಬಿದ್ರೆ ಪುಡಿ ಪುಡಿ ಆಗ್ತದೆ, ಗಂಟೂ ಹಿಡಿಯುದಿಲ್ಲ. ಕಲಿಯಲಿಕ್ಕೆ 8 ಎಂಎಂ ಪಾಲಿಯೆಸ್ಟರ್ ಹೆಣೆದ ಹಗ್ಗ ಎರಡು ಮೀಟರ್ ತಗೊಳ್ಳಿ, ಹಾಯಿ ಎಳೆಯುವ ಹಗ್ಗಗಳು ಹೆಚ್ಚಿನವು ಅದೇ ಜಾತಿ, ಎಳೆದ್ರೆ ಜಾಸ್ತಿ ಹಿಗ್ಗುದಿಲ್ಲ. ನೈಲಾನ್ ಹಿಗ್ತದೆ, ಹಾಗಾಗಿ ಲಂಗರಿಗೆ ಅದು ಒಳ್ಳೆದು, ಅಲೆ ಬಂದು ಜಗ್ಗಿದ್ರೆ ಸ್ಪ್ರಿಂಗಿನ ಹಾಗೆ ಕೆಲಸ ಮಾಡ್ತದೆ. ಬೇರೆ ಬೇರೆ ಬಣ್ಣದ ಎರಡು ತುಂಡು ತಗೊಂಡ್ರೆ ಯಾವ ಹಗ್ಗ ಎಲ್ಲಿಗೆ ಹೋಯ್ತು ಅಂತ ಕಣ್ಣಿಗೆ ಕಾಣ್ತದೆ. ಮತ್ತೆ ಒಣ ಹಗ್ಗದಲ್ಲಿ ಮಾತ್ರ ಕಲ್ತು ಬರ್ಬೇಡಿ, ಬಕೆಟಲ್ಲಿ ಮುಳುಗಿಸಿ, ಕೈಗೆ ಸ್ವಲ್ಪ ಸೋಪು ಹಚ್ಚಿ ಟ್ರೈ ಮಾಡಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲಕ್ಕೆ ಹಾಯಿ ಇತ್ತು, ಈಗ ಎಲ್ಲಾ ಇಂಜಿನ್ ಬೋಟು. ಹಾಯಿ ಹೋಯ್ತು, ಗಂಟು ಹೋಗ್ಲಿಲ್ಲ. ನಮ್ಮಲ್ಲಿ ಯಾವುದಕ್ಕೂ ಇಂಗ್ಲಿಷ್ ಹೆಸರಿಲ್ಲ, ಎಷ್ಟೋ ಗಂಟಿಗೆ ಹೆಸರೇ ಇಲ್ಲ, ತಾಂಡೇಲ (ಬೋಟಿನ ಮುಖ್ಯಸ್ಥ) "ಅದು ಹಾಕು" ಅಂದ್ರೆ ಯಾವುದು ಅಂತ ಗೊತ್ತಾಗ್ಬೇಕು ಅಷ್ಟೆ. ಆಮೇಲೆ ಯೂಟ್ಯೂಬ್ ನೋಡಿದಾಗ ಗೊತ್ತಾಯ್ತು, ನಾವು ಬಲೆ ಹೆಣೆಯುವಾಗ ಒಂದೊಂದು ಕಣ್ಣಿಗೂ ಹಾಕುವ ಗಂಟು ಉಂಟಲ್ಲ, ಅದೇ ನಿಮ್ಮ ಶೀಟ್ ಬೆಂಡ್. ದಪ್ಪ ಹಗ್ಗಕ್ಕೆ ಸಪೂರ ಹಗ್ಗ ಸೇರಿಸಲಿಕ್ಕೂ ಅದೇ. ಇನ್ನೊಂದು ಮಜಾ ಹೇಳ್ತೇನೆ, ಬೋಲೈನ್ ಹಾಕಿ ಅದರ ಪಕ್ಕ ಶೀಟ್ ಬೆಂಡ್ ಹಾಕಿ ನೋಡಿ, ಗಂಟಿನ ಹೊಟ್ಟೆ ಎರಡರದ್ದೂ ಒಂದೇ. ಒಂದರಲ್ಲಿ ಹಗ್ಗ ತನಗೇ ತಾನು ಕಟ್ಟಿಕೊಂಡಿದೆ, ಇನ್ನೊಂದರಲ್ಲಿ ಬೇರೆ ಹಗ್ಗಕ್ಕೆ. ಒಂದು ಕಲಿತ್ರೆ ಒಂದೂವರೆ ಕಲ್ತ ಹಾಗೆ.

ದಕ್ಕೆಯಲ್ಲಿ ಕಂಬಕ್ಕೆ ಕಟ್ಟಲಿಕ್ಕೆ ಕ್ಲೋವ್ ಹಿಚ್ ಸಾಕು, ಎರಡು ಸುತ್ತು, ಮುಗೀತು.

ತುಕ್ಕು_ಲಂಗರು:

ಮಲ್ಪೆಯವರೇ, ಕ್ಲೋವ್ ಹಿಚ್ ಒಂದನ್ನೇ ಹಾಕಿ ದೋಣಿ ಬಿಟ್ಟು ಹೋಗೋದಕ್ಕೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ಒರಟು ಮರದ ಕಂಬದಲ್ಲಿ ಕಚ್ಚಿ ಹಿಡಿದೀತು, ನಯವಾದ ಸ್ಟೀಲ್ ಪೈಪಿನ ಮೇಲೆ ದೋಣಿ ಆ ಕಡೆ ಈ ಕಡೆ ಆಡ್ತಾ ಆಡ್ತಾ ಉರುಳಿ ಜಾರ್ತದೆ. ಫೆಂಡರ್ (ದೋಣಿ ಗೋಡೆಗೆ ಉಜ್ಜದ ಹಾಗೆ ಪಕ್ಕಕ್ಕೆ ಇಳಿಬಿಡೋ ಮೆತ್ತೆ) ನೇತು ಹಾಕೋಕೆ ಸರಿ, ಎತ್ತರ ಬೇಗ ಬದಲಾಯಿಸಬಹುದು.

ಮಲ್ಪೆಯವ:

ಸರಿ ಸರ್, ಒಪ್ಪಿದೆ, ಬಿಟ್ಟು ಹೋಗುವಾಗ ನಾವೂ ಮೇಲೊಂದು ಅರ್ಧ ಗಂಟು ಹಾಕ್ತೇವೆ, ಬರೆಯಲಿಲ್ಲ ಅಷ್ಟೆ 😄

ಮಗ್ಗದ_ಮನಿ:

ನಾ ಸಮುದ್ರ ನೋಡಿದ್ದ ಒಮ್ಮೆ, ಅದೂ ಗೋಕರ್ಣಕ್ಕ ಹೋದಾಗ. ಹಿಂಗಾಗಿ ನನಗ ಇಲ್ಲಿ ಮಾತಾಡೂ ಹಕ್ಕ ಇಲ್ಲ, ಆದ್ರೂ ಮಲ್ಪೆ ಅಣ್ಣಾರು ಶೀಟ್ ಬೆಂಡ್ ಅಂದಿದ್ದಕ್ಕ ಹುಡುಕಿ ಚಿತ್ರ ನೋಡಿದ್ನಿ, ನೋಡಿದ್ರ ನಮ್ಮ ಮನ್ಯಾಗ ದಿನಾ ನೂರ ಸಲ ಹಾಕೂ ಗಂಟ ಅದು! ಮಗ್ಗದಾಗ ಎಳಿ ಹರೀತಂದ್ರ ಜೋಡಸೂದು ಅದರಿಂದನ. ಎಳಿ ರೇಷ್ಮಿ ಇರ್ಲಿ ಹತ್ತಿ ಇರ್ಲಿ, ಗಂಟ ಸಣ್ಣದಿರ್ಬೇಕು, ಹಣಗಿ (ಮಗ್ಗದ ಬಾಚಣಿಗಿ) ಒಳಗ ಸಿಗಬಾರ್ದು, ಜಗ್ಗಿದ್ರ ಜಾರಬಾರ್ದು. ನಮ್ಮವ್ವ ಸೊಸಿ ಜೋಡಿ ಜಗಳಾ ಮಾಡ್ಕೋತನ ಕಣ್ಣ ಸೈತ ಹಾಯ್ಸಲ್ದ ಹಾಕ್ತಾಳ.

ತಂಗಿ, ಒಂದ ಮಾತ ಹೇಳ್ತೀನಿ. ನಮ್ಮವ್ವಗ ಹೆಂಗ ಹಾಕ್ತಿ ತೋರ್ಸು ಅಂತ ನಿಧಾನಕ್ಕ ಮಾಡಾಕ ಹಚ್ಚಿದ್ರ ಆಕಿಗೇ ಬರೂದಿಲ್ಲ, ತಪ್ತಾಳ. ಕೈಗೆ ಗೊತ್ತೈತಿ, ತಲಿಗೆ ಗೊತ್ತಿಲ್ಲ. ನೀ ದೋಣಿ ಮ್ಯಾಲ ನಿಂತು ಮೊಲ ಎಲ್ಲಿ ಹೋತು ಅಂತ ವಿಚಾರ ಮಾಡ್ಕೋತ ನಿಂತಿ ಅಂದ್ರ ಇನ್ನೂ ಕೈಗೆ ಇಳದಿಲ್ಲ ಅಂತ ಅರ್ಥ. ಟಿವಿ ನೋಡ್ಕೋತ ಹಾಕು, ಫೋನ್ಯಾಗ ಮಾತಾಡ್ಕೋತ ಹಾಕು.

ಸೌತಾಂಪ್ಟನ್_ಕನ್ನಡಿಗ:

ಹಾಸನದವನು, ಇಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಎಷ್ಟು ಗಂಟು ಬೇಕು ಅನ್ನೋದಕ್ಕೆ ಉತ್ತರ ನಾನು ಕೊಡ್ತೀನಿ ಯಾಕಂದ್ರೆ ಇಲ್ಲಿ ಅದಕ್ಕೆ ಲೆಕ್ಕವೇ ಇದೆ. ಆರ್‌ವೈಎ ಅಂತ ಬ್ರಿಟನ್ನಿನ ಹಾಯಿದೋಣಿ ಸಂಸ್ಥೆ, ಅವರ ಕಾಂಪಿಟೆಂಟ್ ಕ್ರೂ ಕೋರ್ಸಲ್ಲಿ ಕೇಳೋದು ಫಿಗರ್ ಆಫ್ ಎಯ್ಟ್, ಕ್ಲೋವ್ ಹಿಚ್, ರೋಲಿಂಗ್ ಹಿಚ್, ಬೋಲೈನ್, ರೌಂಡ್ ಟರ್ನ್ ಅಂಡ್ ಟು ಹಾಫ್ ಹಿಚಸ್ (ಪೂರ್ತಿ ಸುತ್ತು, ಮೇಲೆ ಎರಡು ಅರ್ಧಗಂಟು), ಶೀಟ್ ಬೆಂಡ್ ಸಿಂಗಲ್ಲು ಡಬಲ್ಲು, ರೀಫ್ ನಾಟ್, ಜೊತೆಗೆ ಕ್ಲೀಟ್‌ಗೆ (ಹಗ್ಗ ಸುತ್ತಿ ಕಟ್ಟೋಕೆ ಇರೋ ಎರಡು ಕೊಂಬಿನ ಗೂಟ) ಹಗ್ಗ ಸುತ್ತೋದು. ಅಷ್ಟೇ. ಇದು ಸಮುದ್ರದಲ್ಲಿ ದೊಡ್ಡ ಯಾಟ್ ಮೇಲೆ ಹೋಗೋರಿಗೆ. ನಿಮ್ಮ ಡಿಂಗಿಗೆ ಸದ್ಯಕ್ಕೆ ಬೋಲೈನ್, ಎಂಟರ ಗಂಟು, ರೌಂಡ್ ಟರ್ನ್, ಕ್ಲೀಟ್ ಈ ನಾಲ್ಕು ಬಂದ್ರೆ ಯಾರೂ ನಿಮ್ಮನ್ನ ದೋಣಿಯಿಂದ ಇಳಿಸಲ್ಲ. ಆ್ಯಪ್ ಡಿಲೀಟ್ ಮಾಡಿ.

ಎಂಟರ ಗಂಟು ತುಂಬಾ ಸುಲಭ, ಕನ್ನಡದ ಎಂಟಲ್ಲ ಇಂಗ್ಲಿಷ್ 8 😀 ಶೀಟಿನ ಕೊನೇಲಿ ಹಾಕಿಟ್ರೆ ಕೈ ಜಾರಿದ್ರೂ ಹಗ್ಗ ರಾಟೆಯೊಳಗಿಂದ ಪೂರ್ತಿ ಓಡಿಹೋಗಲ್ಲ. ತೀರಾ ತುದಿಗೆ ಹಾಕ್ಬೇಡಿ, ಹಿಡ್ಕೊಳ್ಳೋಕೆ ಸ್ವಲ್ಪ ಬಾಲ ಬಿಡಿ.

ಆದ್ರೆ ಯಾವ ಗಂಟು ಹಾಕ್ಬೇಕು ಅನ್ನೋದಕ್ಕಿಂತ ಯಾವುದನ್ನ ಭಾರ ಇರೋವಾಗ ಬಿಚ್ಚೋಕಾಗುತ್ತೆ ಅನ್ನೋದು ನಂಗೆ ದುಡ್ಡು ಕೊಟ್ಟು ಗೊತ್ತಾಗಿದ್ದು. ಇಲ್ಲಿ ಉಬ್ಬರ ಇಳಿತ ಜೋರು, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ಆಳುದ್ದ ಎರಡಾಳುದ್ದ ಇಳಿದುಬಿಡುತ್ತೆ. ಮೊದಲ ವರ್ಷ ಸ್ನೇಹಿತನ ಬೋಟನ್ನ ಗೋಡೆಯ ರಿಂಗಿಗೆ ನಾನೇ ಬೋಲೈನ್ ಹಾಕಿ, ಹಗ್ಗ ಟೈಟಾಗಿರ್ಲಿ ಅಂತ ಗಿಡ್ಡ ಕಟ್ಟಿ, ಎಲ್ರೂ ಊಟಕ್ಕೆ ಹೋದ್ವಿ. ಬಂದು ನೋಡಿದ್ರೆ ನೀರು ಇಳಿದಿದೆ, ಬೋಟಿನ ಮೂತಿ ಮೇಲಕ್ಕೆದ್ದು ಹಗ್ಗಕ್ಕೆ ಜೋತು ಬಿದ್ದಿದೆ, ಹಗ್ಗ ವೀಣೆ ತಂತಿ ಥರ ಬಿಗಿದಿದೆ. ಬೋಲೈನ್ ಅನ್ನ ಭಾರ ಇದ್ದಾಗ ಬಿಚ್ಚೋಕೆ ಆಗೋದೇ ಇಲ್ಲ. ಚಾಕು ತಗೊಂಡು ಹೊಸ ಹಗ್ಗ ಕತ್ತರಿಸಬೇಕಾಯ್ತು. ರೌಂಡ್ ಟರ್ನ್ ಆಗಿದ್ರೆ ಎರಡು ಅರ್ಧಗಂಟು ಬಿಚ್ಚಿದ ಮೇಲೂ ಆ ಪೂರ್ತಿ ಸುತ್ತು ಭಾರ ತಡ್ಕೊಳ್ತಿತ್ತು, ನಿಧಾನಕ್ಕೆ ಸಡಿಲಿಸಿಬಿಡಬಹುದಿತ್ತು. ಕಟ್ಟೋವಾಗಲೂ ಅಷ್ಟೇ, ದೋಣಿ ಎಳೀತಿದ್ರೂ ಒಂದು ಸುತ್ತು ಹಾಕಿದ್ರೆ ಅರ್ಧ ಜಗಳ ಗೆದ್ದ ಹಾಗೆ. ಕೆಆರ್‌ಎಸ್‌ನಲ್ಲಿ ಉಬ್ಬರ ಇಲ್ಲ ಬಿಡಿ, ಗಾಳಿ ಇದೆಯಲ್ಲ.

ಹಿನ್ನೀರು_ಹುಡುಗಿ:

ಅಂಕಲ್, ಅಣ್ಣಂದಿರೇ, ಎಲ್ರಿಗೂ ಥ್ಯಾಂಕ್ಸ್, ಎರಡು ಭಾನುವಾರ ಆದ್ಮೇಲೆ ಬರೀತಿದೀನಿ. ನೀಲಿ ಹಗ್ಗ ಈಗ ಅಮ್ಮನ ಬಟ್ಟೆ ಒಣಗಿಸೋ ಹಗ್ಗ ಆಗಿದೆ. ಮಣಿಕಟ್ಟಿನ ವಿದ್ಯೆ ಮೊದಲ ದಿನ ಬರ್ಲೇ ಇಲ್ಲ, ಸುರುಳಿ ಬೀಳೋ ಮೊದಲೇ ತುದಿ ಕೈ ಬಿಡ್ತಿತ್ತು, ಮೂರನೇ ದಿನ ಇದ್ದಕ್ಕಿದ್ದಂಗೆ ಬಂತು, ಅದಾದ್ಮೇಲೆ ತಪ್ಪಿಲ್ಲ. ಆಫೀಸ್ ಕಾಲ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಟೇಬಲ್ ಕೆಳಗೆ ಅದೇ ಕೆಲಸ.

ಈ ಭಾನುವಾರ ಗಾಳಿ ಚೆನ್ನಾಗಿತ್ತು, ಜಿಬ್ ಶೀಟ್ ಎರಡೂ ನಾನೇ ಕಟ್ಟಿದೆ, ಎರಡೂವರೆ ಗಂಟೆ ಅಲ್ಲಾಡ್ಲಿಲ್ಲ. ದಡಕ್ಕೆ ಬಂದ ಮೇಲೆ ಹೊಸ ತೊಂದರೆ: ನೆನೆದು ಬಿಗಿದು ಕೂತುಬಿಟ್ಟಿದೆ, ಭಾರ ಏನೂ ಇಲ್ಲ, ಆದ್ರೂ ಬಿಚ್ಚೋಕೆ ಆಗ್ತಿಲ್ಲ. ಉಗುರು ಹೋಯ್ತು. ಹಲ್ಲು ಹಾಕೋಣ ಅಂತಿದ್ದೆ, ಜೊತೆಯವರು ಬೈದ್ರು.

ಮಲ್ಪೆಯವ:

ಅಯ್ಯೋ ಹಲ್ಲು ಬೇಡ ಅಕ್ಕ. ಬಾಲ ಎಳೆಯಬೇಡಿ. ಉದ್ದ ಹಗ್ಗವನ್ನ ಕೊರಳಪಟ್ಟಿ ಹಾಗೆ ಸುತ್ತಿಕೊಂಡ ಒಂದು ಬಳಸು ಕಾಣ್ತದಲ್ಲ, ಅದನ್ನ ಹೆಬ್ಬೆರಳಿನಿಂದ ಹಿಂದಕ್ಕೆ ಮಡಚಿ ತಳ್ಳಿ. ಗಂಟಿನ ಬೆನ್ನು ಮುರೀತದೆ. ಆಮೇಲೆ ಉದ್ದ ಹಗ್ಗವನ್ನ ಗಂಟಿನೊಳಗೆ ಸ್ವಲ್ಪ ನೂಕಿದ್ರೆ ಎಲ್ಲಾ ಸಡಿಲ.

ಹಿನ್ನೀರು_ಹುಡುಗಿ:

ಈಗಷ್ಟೇ ಮನೇಲಿ ಒದ್ದೆ ಹಗ್ಗದಲ್ಲಿ ಮಾಡಿ ನೋಡಿದೆ, ಎರಡು ಸೆಕೆಂಡ್! ಇದನ್ನ ಯಾವ ವಿಡಿಯೋದಲ್ಲೂ ನಾನು ನೋಡಿರ್ಲಿಲ್ಲ. ಮುಂದಿನ ವಾರ ರೌಂಡ್ ಟರ್ನ್.