ರಿಸ್ಕ್ ರಿಜಿಸ್ಟರ್ ಅಂತ 43 ಲೈನ್ ಬರ್ದೆ, ಈಗ ಅದನ್ನಿಟ್ಟು ಎಂತ ಮಾಡುದು?

ಬಂದರು_ಹುಡುಗ:
ನಮಸ್ಕಾರ. ನಾನು ಮಲ್ಪೆ ಹತ್ರ ಒಂದು ಐಸ್ ಪ್ಲಾಂಟಲ್ಲಿ ಅಕೌಂಟ್ಸ್ ನೋಡ್ಕೊಳ್ಳುದು, ಸಣ್ಣ ಜಾಗ ಅಲ್ವಾ, ಕೊಟೇಶನ್ ತರ್ಸುದ್ರಿಂದ ಹಿಡಿದು ವೆಲ್ಡರಿಗೆ ಚಾ ತರ್ಸುವವರೆಗೆ ಎಲ್ಲ ನನ್ನ ತಲೆ ಮೇಲೆ. ಈಗ ಹಳೇ ಅಮೋನಿಯ ಕಂಪ್ರೆಸರ್ ತೆಗ್ದು ಹೊಸದು ಕೂರಿಸ್ಲಿಕ್ಕುಂಟು, ಬ್ರೈನ್ ಟ್ಯಾಂಕೂ (ಐಸ್ ಕಟ್ಟುವ ಉಪ್ಪುನೀರಿನ ತೊಟ್ಟಿ) ದೊಡ್ಡದು ಮಾಡ್ಲಿಕ್ಕುಂಟು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ರಜೆ, ಆ 61 ದಿನದ ಒಳಗೆ ಮುಗೀಬೇಕು. ಆಗಸ್ಟ್ 1ಕ್ಕೆ ನಮ್ಮಲ್ಲಿ ಐಸ್ ಇಲ್ಲದಿದ್ರೆ ಬೋಟಿನವ್ರು ಪಕ್ಕದ ಪ್ಲಾಂಟಿಗೆ ಹೋಗ್ತಾರೆ, ಹೋದವ್ರು ಆ ಸೀಸನಿಗೆ ತಿರುಗಿ ನೋಡುದಿಲ್ಲ.

ಸಾಲಕ್ಕೆ ಬ್ಯಾಂಕಿನವ್ರು ರಿಸ್ಕ್ ರಿಜಿಸ್ಟರ್ ಕೇಳಿದ್ರು, ಅಂದ್ರೆ ಕೆಲ್ಸದಲ್ಲಿ ಎಂತೆಲ್ಲ ಎಡವಟ್ಟಾಗ್ಬಹುದು, ಅದಕ್ಕೆ ಎಂತ ಮಾಡುದು ಅಂತ ಬರ್ದಿಡುವ ಪಟ್ಟಿ. ನೆಟ್ಟಲ್ಲಿ ಸಿಕ್ಕಿದ ಎಕ್ಸೆಲ್ ಇಳಿಸಿ ಕೂತು ಬರ್ದೆ: ಮಳೆ, ಕರೆಂಟ್, ಅಮೋನಿಯ ಲೀಕ್, ಲೇಬರ್ ಪ್ರಾಬ್ಲಂ ಅಂತ 43 ಲೈನ್. ಕಂಪ್ರೆಸರ್ ಬೆಂಗಳೂರಿಂದ ಜುಲೈಲಿ ಬರ್ತದೆ, ಶಿರಾಡಿ ಬಂದ್ ಆದ್ರೆ ರೈಲಲ್ಲಿ ತರ್ಸುದು ಅಂತ ಪ್ಲಾನ್ ಬಿ ಕೂಡ ಹಾಕಿದ್ದೇನೆ. ಹೆಚ್ಚುಕಡಿಮೆ ಎಲ್ಲ ಹಳದಿ ಬಣ್ಣದಲ್ಲೇ (ಅಂದ್ರೆ ಮಧ್ಯಮ ರಿಸ್ಕ್) ನಿಂತಿದೆ, ಜವಾಬ್ದಾರಿ ಕಾಲಮಲ್ಲಿ ಮೇಲಿಂದ ಕೆಳಗೆ "ಮ್ಯಾನೇಜ್‌ಮೆಂಟ್". ಸಾವ್ಕಾರ್ರು ನೋಡಿ "ಇದ್ರಲ್ಲಿ ನಾನು ನಾಳೆ ಬೆಳಿಗ್ಗೆ ಎಂತ ಮಾಡ್ಬೇಕು ಅಂತ ಎಲ್ಲುಂಟು ಮಾರಾಯ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇಲ್ಲ.

ಘಟ್ಟ_ಇಳಿದವ:
ನಿಮ್ಮ ಸಾವ್ಕಾರ್ರು ಕೇಳಿದ್ದೇ ಸರಿ ಪ್ರಶ್ನೆ. ರಿಸ್ಕ್ ನಿಭಾಯಿಸುದಕ್ಕೆ ಐಎಸ್‌ಒ 31000 ಅಂತ ಒಂದು ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಉಂಟು, 2009ರಲ್ಲಿ ಬಂದದ್ದು, 2018ರಲ್ಲಿ ತಿದ್ದಿದ್ರು, ಅದ್ರಲ್ಲಿ ರಿಸ್ಕ್ ಅಂದ್ರೆ ನಮ್ಮ ಗುರಿಯ ಮೇಲೆ ಅನಿಶ್ಚಿತತೆ ಮಾಡುವ ಪರಿಣಾಮ ಅಂತ ಉಂಟು. ಅಂದ್ರೆ ಮೊದ್ಲು ಗುರಿ ಬರೀಬೇಕು. ನಿಮ್ಮದು ಆಗಸ್ಟ್ 1ಕ್ಕೆ ಐಸ್, ಯಾರಿಗೂ ಅಪಾಯ ಆಗದೆ, ಸಾಲದ ಮೊತ್ತದ ಒಳಗೆ. ಇದಕ್ಕೆ ತಾಗದ ಲೈನ್ ಎಲ್ಲ ತೆಗ್ದು ಬಿಸಾಡಿ, ಅರ್ಧ ಖಾಲಿ ಆಗ್ತದೆ.

ಮತ್ತೆ "ಮಳೆ" ಅಂತ ಬರ್ದಿದ್ದೀರಲ್ಲ, ಜೂನಲ್ಲಿ ಉಡುಪಿಲಿ ಮಳೆ ಬರುದು ರಿಸ್ಕ್ ಅಲ್ಲ ಮಾರಾಯ್ರೇ, ಅದು ಕ್ಯಾಲೆಂಡರ್! ಕಾರಣ, ಆಗುವಂಥದ್ದು, ಅದ್ರಿಂದ ಹಾಳಾಗುವಂಥದ್ದು, ಮೂರೂ ಒಂದೇ ವಾಕ್ಯದಲ್ಲಿ ಬರೀರಿ. "ಮಾಡಿನ ಶೀಟ್ ತೆಗ್ದಿರುವಾಗ ಜೋರು ಮಳೆ ಬಂದು ಟ್ಯಾಂಕಿನ ಇನ್ಸುಲೇಶನ್ ಒಳಗೆ ನೀರು ಹೋಗ್ಬಹುದು, ಹೋದ್ರೆ ಕಿತ್ತು ಮತ್ತೆ ಹಾಕ್ಲಿಕ್ಕೆ ವಾರ ಹಿಡೀತದೆ" ಅಂತ ಬರ್ದ್ರೆ ಮಾಡ್ಬೇಕಾದ್ದು ಅಲ್ಲೇ ಕಾಣ್ತದೆ, ಮೇ ತಿಂಗಳಲ್ಲೇ ತಾತ್ಕಾಲಿಕ ಮಾಡು ಹಾಕ್ಬೇಕು. ವೆಲ್ಡರ್ ಈಗಾಗ್ಲೇ ಕೈ ಕೊಟ್ಟು ಹೋಗಿದ್ರೆ ಅದು ರಿಸ್ಕ್ ಅಲ್ಲ, ಸಮಸ್ಯೆ, ಅದಕ್ಕೆ ಬೇರೆ ಹಾಳೆ.

ಪ್ಲಾನ್ ಬಿ ವಿಷಯಕ್ಕೆ ಸಿಟ್ಟಾಗ್ಬೇಡಿ, ಅದು ಪ್ಲಾನ್ ಎಯ ತಮ್ಮ ಅಷ್ಟೇ. ರಸ್ತೆ ಹೋಗುದೂ ರೈಲು ಹೋಗುದೂ ಅದೇ ಘಟ್ಟದ ಸಾಲಲ್ಲಿ, ಅದೇ ಮಳೆ. 2024ರ ಜುಲೈಲಿ ಶಿರಾಡಿ ರಸ್ತೆಗೂ ಮಣ್ಣು ಬಿತ್ತು, ಸಕಲೇಶಪುರದ ಈಚೆ ರೈಲು ಹಳಿಯ ಕೆಳಗೂ ಗುಡ್ಡ ಜಾರಿತು, ಅದೇ ತಿಂಗಳು 16ಕ್ಕೆ ಅಂಕೋಲದ ಶಿರೂರಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಂತು. ಚಾರ್ಮಾಡಿಲಿ ದೊಡ್ಡ ಲಾರಿ ಬಿಡುದಿಲ್ಲ. ಬೇರೆ ಬೇರೆ ಲೈನಲ್ಲಿ ಬರ್ದ ನಾಲ್ಕು ರಿಸ್ಕಿಗೆ ಕಾರಣ ಒಂದೇ ಇದ್ರೆ ನಾಲ್ಕೂ ಒಟ್ಟಿಗೇ ಬರ್ತದೆ. ಕರೆಂಟ್ ಹೋಗುದೂ ಅವತ್ತೇ. ಕಂಪ್ರೆಸರ್ ಮೇ ಒಳಗೆ ಘಟ್ಟ ಇಳೀಲಿ.

ಸೇಫ್ಟಿ_ಅಕ್ಕ_ಕುಡ್ಲ:
ಹಳದಿ ಬಣ್ಣದ್ದು ನಾನು ಹೇಳ್ತೇನೆ. ಸಾಧ್ಯತೆಗೂ ಆಗುವ ಪೆಟ್ಟಿಗೂ 1ರಿಂದ 5ರವರೆಗೆ ಅಂಕ ಅಲ್ವಾ, ದಿನಾ ಎರಡು ಗಂಟೆ ಕರೆಂಟ್ ಹೋಗುದಕ್ಕೆ ಸಾಧ್ಯತೆ 5, ಪೆಟ್ಟು 1 ಕೊಟ್ಟಿರ್ತೀರಿ, ಗುಣಿಸಿದ್ರೆ 5. ಅಮೋನಿಯ ಲೀಕಿಗೆ ಸಾಧ್ಯತೆ 1, ಪೆಟ್ಟು 5, ಗುಣಿಸಿದ್ರೆ ಅದೂ 5. ಎಕ್ಸೆಲ್ಲಿಗೆ ಎರಡೂ ಒಂದೇ, ಆದ್ರೆ ಒಂದ್ರಲ್ಲಿ ಜನರೇಟರ್ ಡೀಸೆಲ್ ಖರ್ಚು, ಇನ್ನೊಂದ್ರಲ್ಲಿ ಜೀವ ಹೋಗ್ತದೆ. ಜೀವದ ಲೈನನ್ನು ಗುಣಾಕಾರದಿಂದ ಹೊರಗಿಡಿ, ಅಂಕ ಎಷ್ಟೇ ಇರ್ಲಿ ಅದನ್ನು ಮೊದ್ಲು ನೋಡಿ. ಹಳೇ ಮೆಷಿನ್ ಬಿಚ್ಚುವಾಗ ಪೈಪಲ್ಲಿ ಗ್ಯಾಸ್ ಉಳಿದಿರ್ತದೆ, ಅದನ್ನು ಖಾಲಿ ಮಾಡಿದ್ದೇವೆ ಅಂತ ಯಾರು ಸೈನ್ ಹಾಕುದು? ಆ ಹೆಸರು ಬೇಕು.

ನಾನು ಮೊದ್ಲು ಇದ್ದ ಒಂದು ಮೀನಿನ ಫ್ಯಾಕ್ಟರಿಲಿ ರಿಜಿಸ್ಟರಲ್ಲಿ "ಗ್ಯಾಸ್ ಮಾಸ್ಕ್ ಉಂಟು, ರಿಸ್ಕ್ ಕಡಿಮೆ" ಅಂತ ಹಸಿರು ಮಾಡಿದ್ರು. ಹೋಗಿ ನೋಡಿದ್ರೆ ಆ ಮಾಸ್ಕ್ ಇದ್ದದ್ದು ಕಂಪ್ರೆಸರ್ ರೂಮಿನ ಒಳಗೆ, ಕಬಾಟಲ್ಲಿ, ಬೀಗ ಹಾಕಿ! ಲೀಕ್ ಆದ್ರೆ ಮಾಸ್ಕ್ ತರ್ಲಿಕ್ಕೆ ಮಾಸ್ಕ್ ಹಾಕ್ಕೊಂಡು ಹೋಗ್ಬೇಕು. ಅವತ್ತಿಂದ ನಾನು ಹಸಿರು ಲೈನನ್ನು ಕಾಲಲ್ಲಿ ನಡ್ದು ನೋಡದೆ ನಂಬುದಿಲ್ಲ. ಮಾಡಿನ ಮೇಲೆ ಗಾಳಿ ದಿಕ್ಕು ತೋರಿಸುವ ಬಟ್ಟೆ ಚೀಲ ಕಟ್ಟಿ, ಗ್ಯಾಸ್ ಹೋಗುವ ದಿಕ್ಕಿಗೇ ಜನ ಓಡುದು ಬೇಡ.

ಪಾಲಿಸಿ_ಮಾಮ:
ಇನ್ಶೂರೆನ್ಸ್ ವಿಷಯ ಯಾರೂ ಹೇಳ್ಲಿಲ್ಲ. ತಪ್ಪಿಸುದು, ಕಡಿಮೆ ಮಾಡುದು, ಬೇರೆಯವ್ರಿಗೆ ದಾಟಿಸುದು, ಇಲ್ಲದಿದ್ರೆ ಬಂದದ್ದು ಬರ್ಲಿ ಅಂತ ಒಪ್ಪಿಕೊಂಡು ಸ್ವಲ್ಪ ದುಡ್ಡು ತೆಗ್ದಿಡುದು, ದಾರಿ ಈ ನಾಲ್ಕೇ. ಪಾಲಿಸಿಲಿ ದಾಟುದು ದುಡ್ಡಿನ ನಷ್ಟ ಮಾತ್ರ. ಲಾರಿಲಿ ಬರುವ ಮಾಲಿಗೆ ಟ್ರಾನ್ಸಿಟ್ ಪಾಲಿಸಿ ಬೇರೆ (ಘಟ್ಟ ಇಳಿದು ಬಂದ್ರೂ ಅದು ಮರೀನ್ ಇನ್ಶೂರೆನ್ಸ್ ಲೆಕ್ಕಕ್ಕೇ, ನಗ್ಬೇಡಿ), ಸೈಟಲ್ಲಿ ಜೋಡಿಸುವಾಗಿಂದ ಟೆಸ್ಟಿಂಗ್‌ವರೆಗೆ ಇರೆಕ್ಷನ್ ಪಾಲಿಸಿ ಬೇರೆ. ಲೇಟಾಗಿ ಬೋಟಿನವ್ರು ಹೋದ್ರೆ ಆ ವ್ಯಾಪಾರ ಸಾಮಾನ್ಯ ಪಾಲಿಸಿಲಿ ಬರುದಿಲ್ಲ, ಅದು ನಿಮ್ಮದೇ ತಲೆನೋವು.

ಬಂದರು_ಹುಡುಗ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಾವ್ಕಾರ್ರು, ಫಿಟ್ಟರ್, ನಾನು ಮೂರು ಜನ ಕೂತು 43ನ್ನು 11 ಮಾಡಿದೆವು. ಗ್ಯಾಸ್ ಖಾಲಿ ಮಾಡುದು ಫಿಟ್ಟರಿನ ಹೆಸರಲ್ಲಿ, ಮಾಡು ಹಾಕುದು ಸಾವ್ಕಾರ್ರ ಹೆಸರಲ್ಲಿ, ಹೆಸರು ಬಿದ್ದ ಕೂಡ್ಲೆ ಅವ್ರೇ ಶೀಟಿನವನಿಗೆ ಫೋನ್ ಮಾಡಿದ್ರು. ಏಪ್ರಿಲ್ 15ರೊಳಗೆ ಹೊಸ ಕಂಪ್ರೆಸರಿನ ಫ್ಯಾಕ್ಟರಿ ಟೆಸ್ಟಿನ ವಿಡಿಯೋ ಬರದಿದ್ರೆ ನಾನು ಬೆಂಗಳೂರಿಗೆ ಬಸ್ ಹತ್ತುದು ಅಂತ ಬರ್ದಿದ್ದೇವೆ. ಮಾಸ್ಕ್ ನಮ್ಮದೂ ಒಳಗೇ ಇತ್ತು, ಈಗ ಆಫೀಸ್ ಬಾಗಿಲ ಹತ್ರ ತೂಗಾಡ್ತಾ ಉಂಟು.

ಒಂದು ಸಂಶಯ. ಮಷಿನ್ ಮೇ 20ಕ್ಕೆ ಬಂದ್ರೆ ಇಡ್ಲಿಕ್ಕೆ ಜಾಗ ಇಲ್ಲ, ಪಕ್ಕದಲ್ಲಿ ಬಲೆ ಇಡುವ ಒಂದು ಶೆಡ್ ಬಾಡಿಗೆಗೆ ಸಿಗ್ತದೆ, ಸಾಕಾ?

ಘಟ್ಟ_ಇಳಿದವ:
ಸಾಕು. ಒಂದು ರಿಸ್ಕಿಗೆ ಮದ್ದು ಮಾಡಿದ್ರೆ ಆ ಮದ್ದಿಂದ ಇನ್ನೊಂದು ಹುಟ್ಟುದುಂಟು, ಅಷ್ಟು ನೋಡಿ. ಬಲೆ ಶೆಡ್ಡಲ್ಲಿ ಇಲಿ ಉಂಟಾ? ಪ್ಯಾನೆಲಿನ ವಯರ್ ತಿಂತದೆ.

ಬಂದರು_ಹುಡುಗ:
ಉಂಟು. 12ನೇ ಲೈನ್ ಆಯ್ತು.