ಪಾರ್ಕ್ ಜಾಗಕ್ಕೆ ಕಲ್ಲು ನೆಟ್ಟಿದ್ದಾರೆ, ಎಲ್ಲರೂ ಓದಿ

ಅಡ್ಮಿನ್, 2ನೇ ಕ್ರಾಸ್ (ಬೆಳಗ್ಗೆ 7:10)
ನಿನ್ನೆ ಸಂಜೆ ಯಾರೋ ಬಂದು ಟೇಪ್ ಹಿಡಿದು ಅಳತೆ ಮಾಡಿ, ಪಾರ್ಕ್ ಜಾಗದ ನಾಲ್ಕು ಮೂಲೆಗೂ ಕಲ್ಲು ನೆಟ್ಟು ಹೋಗಿದ್ದಾರೆ. ಹೊಂಗೆ ಮರದ ಬುಡಕ್ಕೂ ಕೆಂಪು ಪಟ್ಟೆ ಬಳಿದಿದ್ದಾರೆ. ಕೇಳಿದ್ದಕ್ಕೆ, ಸಮುದಾಯ ಭವನ ಬರುತ್ತೆ, ಒಂದು ಟ್ರಸ್ಟ್‌ಗೆ ಕೊಟ್ಟಿದೆ ಅಂದರು. ಆದೇಶದ ಪ್ರತಿ ತೋರಿಸಿ ಅಂದರೆ ಆಫೀಸಿಗೆ ಬನ್ನಿ ಅಷ್ಟೇ. ಫೋಟೊ ಹಾಕಿದ್ದೇನೆ. ದಯವಿಟ್ಟು ಗುಡ್ ಮಾರ್ನಿಂಗ್ ಹೂವುಗಳನ್ನು ಇವತ್ತೊಂದು ದಿನ ತಡೆಹಿಡಿಯಿರಿ.

5ನೇ ಕ್ರಾಸ್, ಮೂಲೆ ಮನೆ
ಭವನ ಬಂದರೆ ತಪ್ಪೇನು? ಅಲ್ಲಿ ಪಾರ್ಕ್ ಎಲ್ಲಿದೆ ಹೇಳಿ. ಪಾರ್ಥೇನಿಯಂ, ಬಿಯರ್ ಬಾಟ್ಲಿ, ಮುರಿದ ಜೋಕಾಲಿ. ಮಗಳ ಸೀಮಂತಕ್ಕೆ ಛತ್ರದ ಬಾಡಿಗೆ ಕಟ್ಟಿದವನಿಗೆ ಗೊತ್ತು.

3ನೇ ಕ್ರಾಸ್, ಪಾರ್ಕ್ ಎದುರಿನ ಮನೆ
ಅಂಕಲ್, ನಿಮಗೆ ಭವನ ಎರಡು ರಸ್ತೆ ಆಚೆ. ನಮಗೆ ಗೇಟಿನ ಮುಂದೆ. ಮಳೆ ಬಂದರೆ ಈಗಲೇ ನಮ್ಮ ಮೂಲೆಯ ಮ್ಯಾನ್‌ಹೋಲ್ ಮುಚ್ಚಳ ಎತ್ತಿಕೊಂಡು ನೀರು ಉಕ್ಕುತ್ತದೆ. ಅದೇ ಪೈಪಿಗೆ ಐನೂರು ಜನರ ಊಟದ ಎಣ್ಣೆ, ಅನ್ನ, ಮುಸುರೆ ಬಿಟ್ಟರೆ ಏನಾಗುತ್ತದೆ? ಕಾರು ಎಲ್ಲಿ ನಿಲ್ಲಿಸುತ್ತಾರೆ?

ವಕೀಲರು, 80 ಅಡಿ ರಸ್ತೆ
ಭವನ ಬೇಕೋ ಬೇಡವೋ ಆಮೇಲೆ ಜಗಳ ಆಡೋಣ. ಮೊದಲ ಪ್ರಶ್ನೆ ಬೇರೆ. ಮಂಜೂರಾದ ಲೇಔಟ್ ನಕ್ಷೆಯಲ್ಲಿ ಆ ಜಾಗ ಪಾರ್ಕ್ ಅಂತ ಇದೆಯಾ, ಸಿಎ ನಿವೇಶನ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಅಂತ ಇದೆಯಾ? ನಾವೆಲ್ಲ ಬಾಯಲ್ಲಿ ಪಾರ್ಕ್ ಅನ್ನುತ್ತೇವೆ. ನಕ್ಷೆ ನೋಡಿದವರು ಯಾರೂ ಇದ್ದ ಹಾಗಿಲ್ಲ.

ಸಿಎ ಆದರೆ ಶಾಲೆ, ಅಂಚೆ ಕಚೇರಿ, ಆಸ್ಪತ್ರೆ ಇಂಥದ್ದಕ್ಕೆ ಸಂಸ್ಥೆಗಳಿಗೆ ಗುತ್ತಿಗೆ ಕೊಡಲು ದಾರಿ ಇದೆ. ಸಾಮಾನ್ಯವಾಗಿ 30 ವರ್ಷಕ್ಕೆ. ಆಗ ನಮ್ಮ ವಾದ ಚರಂಡಿ, ಪಾರ್ಕಿಂಗ್, ಮರ ಇಷ್ಟಕ್ಕೇ ನಿಲ್ಲುತ್ತದೆ. ಪಾರ್ಕ್ ಆದರೆ ಮಾತೇ ಬೇರೆ. ನಮ್ಮದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಬಡಾವಣೆ. ಬಿಡಿಎ ಕಾಯ್ದೆಯ 38-ಎ ಕಲಂ ಪ್ರಕಾರ ಪಾರ್ಕಿಗೆ ಅಂತ ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ಕೊಡುವಂತಿಲ್ಲ. ಕೊಟ್ಟರೂ ಅದು ಊರ್ಜಿತ ಅಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲು ಖಾಸಗಿ ಟ್ರಸ್ಟ್‌ಗೆ ಕೊಟ್ಟಿದ್ದರು. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕ್ ಕಿತ್ತು ಕಟ್ಟುವ ಹಾಗಿಲ್ಲ ಅನ್ನುವುದು ಅಲ್ಲಿ ತೀರ್ಮಾನವಾದ ವಿಷಯ. ನಿಮಗೇನು ಸಂಬಂಧ ಅಂತ ಅಲ್ಲಿನ ನಿವಾಸಿಗಳನ್ನು ತಳ್ಳಿಹಾಕುವುದಕ್ಕೂ ಆಗಲಿಲ್ಲ.

1ನೇ ಮೇನ್, ಮೊದಲ ಮಹಡಿ
ಸರ್, ನಾವು ಬಾಡಿಗೆಯವರು. ಸಹಿ ಹಾಕಬಹುದಾ?

ವಕೀಲರು, 80 ಅಡಿ ರಸ್ತೆ
ಧಾರಾಳವಾಗಿ. ಆರ್‌ಟಿಐ ಕೂಡ ಹಾಕಬಹುದು. ಅದಕ್ಕೆ ಸ್ವಂತ ಮನೆ ಇರಬೇಕು ಅಂತ ಎಲ್ಲೂ ಇಲ್ಲ.

ನಿವೃತ್ತ ಮೇಷ್ಟ್ರು, 4ನೇ ಕ್ರಾಸ್
ಹಿಂದೆ ಆಗಿದ್ದರೆ ಕಾರ್ಪೊರೇಟರ್ ಮನೆ ಮುಂದೆ ಹತ್ತು ಜನ ನಿಂತರೆ ಸಾಕಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ನಮ್ಮ ಫೈಲು ಯಾವ ಕಟ್ಟಡದ ಯಾವ ಕಪಾಟಿನಲ್ಲಿದೆಯೋ! ಅದಕ್ಕೇ ಮನವಿಯನ್ನು ಕೈಯಲ್ಲಿ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಆ ಸೀಲಿಗೆ ಇರುವ ಬೆಲೆ ನಮ್ಮ ಘೋಷಣೆಗಿಲ್ಲ.

3ನೇ ಕ್ರಾಸ್, ಪಾರ್ಕ್ ಎದುರಿನ ಮನೆ
ಮರದ ಕಥೆ? ರಾತ್ರೋರಾತ್ರಿ ಕಡಿದರೆ?

ವಕೀಲರು, 80 ಅಡಿ ರಸ್ತೆ
1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಗರಗಸ ಬಂದರೆ ಅನುಮತಿ ಪತ್ರ ಕೇಳಿ, ವಿಡಿಯೊ ಮಾಡಿ, ಪೊಲೀಸರಿಗೆ 112ಕ್ಕೆ ಕರೆ ಮಾಡಿ. ಕೈ ಮಾತ್ರ ಮಾಡಬೇಡಿ. ಕಲ್ಲನ್ನೂ ಕೀಳಬೇಡಿ. ಹೋದ ಸಲ ಬೋರ್ಡ್ ಕಿತ್ತ ಹುಡುಗರು ಯಾರು ಅಂತ ನನಗೆ ಗೊತ್ತು.

ಆರ್‌ಟಿಐ ಕರಡು ಹಾಕುತ್ತಿದ್ದೇನೆ. ನಮ್ಮ ರಾಜ್ಯದಲ್ಲಿ 150 ಪದ ಮೀರುವ ಹಾಗಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ:

“ನಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಕೊಡಿ. 3ನೇ ಕ್ರಾಸ್ ಮತ್ತು 1ನೇ ಮೇನ್ ಮೂಲೆಯ ಖಾಲಿ ಜಾಗವನ್ನು ನಕ್ಷೆಯಲ್ಲಿ ಯಾವ ಉದ್ದೇಶಕ್ಕೆ ತೋರಿಸಿದೆ, ಆಮೇಲೆ ಬದಲಾವಣೆ ಆಗಿದ್ದರೆ ಆ ಆದೇಶದ ಪ್ರತಿ ಕೊಡಿ. ಸಂಬಂಧಿಸಿದ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ತಿಳಿಸಿ.”

ಇದು ಬಿಡಿಎಗೆ. ಟ್ರಸ್ಟ್‌ಗೆ ಕೊಟ್ಟ ಆದೇಶ ಕೇಳಿ ಪಾಲಿಕೆಗೆ ಇನ್ನೊಂದು. ಪ್ರತಿ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನದೊಳಗೆ ಉತ್ತರ ಕೊಡಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಅಂತ ಆಯುಕ್ತರಿಗೆ ಮನವಿ ಇವತ್ತೇ ಹೋಗಬೇಕು. ಜೆಸಿಬಿ 30 ದಿನ ಕಾಯುವುದಿಲ್ಲ.

5ನೇ ಕ್ರಾಸ್, ಮೂಲೆ ಮನೆ
ನಕ್ಷೆಯಲ್ಲಿ ಪಾರ್ಕ್ ಇದ್ದರೆ ನಾನೂ ಸಹಿ ಹಾಕುತ್ತೇನೆ. ಸಿಎ ಇದ್ದರೆ ಭವನಕ್ಕೇ ನನ್ನ ಓಟು, ಈಗಲೇ ಹೇಳಿಬಿಟ್ಟೆ. ಆದರೆ ಪಾರ್ಕ್ ಅಂತಾದರೆ ಪಾರ್ಕ್ ಮಾಡಿಸಬೇಕು. ಸುಮ್ನೆ ಮುಳ್ಳುಗಂಟಿ ಕಾಯುವುದಕ್ಕೆ ನಾನು ಬರುವುದಿಲ್ಲ.

3ನೇ ಕ್ರಾಸ್, ಪಾರ್ಕ್ ಎದುರಿನ ಮನೆ
ಅದು ನ್ಯಾಯವಾದ ಮಾತು ಅಂಕಲ್. ಮನವಿಯಲ್ಲಿ ಬೇಲಿ, ದೀಪ, ಜೋಕಾಲಿ ರಿಪೇರಿನೂ ಸೇರಿಸೋಣ.

ಅಡ್ಮಿನ್, 2ನೇ ಕ್ರಾಸ್
ಸೇರಿಸಿದ್ದೇನೆ. ಮನವಿ ಪ್ರಿಂಟ್ ಹಾಲಿನ ಬೂತ್ ಹತ್ತಿರ ಇದೆ. ಹೆಸರು, ಮನೆ ನಂಬರ್, ಸಹಿ. ಹೆಬ್ಬೆಟ್ಟು ಗುರುತು ಅಲ್ಲ, ವಾಟ್ಸಾಪ್ ಹೆಬ್ಬೆರಳು ಅಂತೂ ಲೆಕ್ಕಕ್ಕಿಲ್ಲ. ಹತ್ತೂವರೆಗೆ ಹೊರಡುತ್ತೇವೆ. ಮೇಷ್ಟ್ರು ಬರುತ್ತಾರೆ, ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಯಾರು ಬರುತ್ತೀರಿ?